ಅರವತ್ತೇಳರ ಧಾರಣೆ

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ ಡಾಕ್ಟರ್ ವೆಂಕಟರಮಣ ಅವರೇ, ವೇದಿಕೆಯ ಮೇಲಿರುವ ಸಂಘದ ಹಿರಿಯರೇ, ದೂರದಿಂದ ದಯಮಾಡಿಸಿರುವ ಮುಖ್ಯ ಅತಿಥಿಗಳೇ, ರಜೆ ಹಾಕದೆಯೇ ಕೆಲಸದಿಂದ ಬೇಗ ಎದ್ದು ಬಂದಿರುವ ನನ್ನ ಬ್ಯಾಂಕಿನ ಸಹೋದ್ಯೋಗಿಗಳೇ, ಊಟದ ಏರ್ಪಾಟು ನೋಡಿಕೊಳ್ಳುತ್ತ ಹಿಂದೆ ನಿಂತುಕೊಂಡೇ ಕೇಳುತ್ತಿರುವ ತಾಯಂದಿರೇ, ವಿಶಾಖಪಟ್ಟಣದ ಕನ್ನಡ ಬಂಧುಗಳೇ, ಸಭಿಕರೇ,

ಹಾರ ಹಾಕಿದಿರಿ, ಶಾಲು ಹೊದಿಸಿದಿರಿ, ನನ್ನ ಬಗ್ಗೆ ನನಗೇ ಗೊತ್ತಿಲ್ಲದ ಒಳ್ಳೆಯ ಮಾತುಗಳನ್ನು ಹೇಳಿದಿರಿ. ಈ ತಿಂಗಳ ಕೊನೆಗೆ ನಾನು ನಿವೃತ್ತಳಾಗುತ್ತೇನೆ. ಇಷ್ಟು ಹೊಗಳಿಕೆ ಮೊದಲೇ ಸಿಕ್ಕಿದ್ದರೆ ಇನ್ನೂ ಸ್ವಲ್ಪ ಚೆನ್ನಾಗಿ ಕೆಲಸ ಮಾಡುತ್ತಿದ್ದೆನೋ ಏನೋ. ನಿಮ್ಮ ಪ್ರೀತಿಗೆ ನಾನು ಋಣಿ.

ನಮ್ಮ ಸಂಘದ ಕಾರ್ಯದರ್ಶಿ ಆದರ್ಶ್ ಅವರು, ಇಲ್ಲಿಯ ಔಷಧ ಕಂಪನಿಯಲ್ಲಿರುವ ನಮ್ಮ ತುಮಕೂರಿನ ಹುಡುಗ, ನನಗೆ ಸುಮ್ಮನೆ ಧನ್ಯವಾದ ಹೇಳಿ ಕುಳಿತುಕೊಳ್ಳಲು ಬಿಡಲಿಲ್ಲ. ‘ಮೇಡಂ, ನೀವು ಹಳ್ಳಿಯ ಶಾಖೆಗಳಲ್ಲಿ ಇದ್ದವರು, ರೈತರ ಆದಾಯ ಅಂದು ಹೇಗಿತ್ತು, ಇಂದು ಹೇಗಿದೆ, ಅದರ ಬಗ್ಗೆ ಮಾತಾಡಿ’ ಎಂದರು. ನಾನು ಒಪ್ಪಿಕೊಂಡು ಅಂಕಿಅಂಶಗಳನ್ನೆಲ್ಲ ಸೇರಿಸಿ ಒಂದು ಭಾಷಣ ಬರೆದೆ. ಮನೆಯಲ್ಲಿ ನಮ್ಮ ಯಜಮಾನರಿಗೆ ಓದಿ ಹೇಳಿದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ ನೋಡಿ, ಭೀಮಸೇನ ಅವರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು, ರಾತ್ರಿಯೆಲ್ಲ ಎಚ್ಚರವಾಗಿರುವುದೇ ಅವರ ಉದ್ಯೋಗವಾಗಿತ್ತು. ಎರಡನೇ ಪುಟಕ್ಕೆ ಅವರಿಗೆ ನಿದ್ದೆ ಹತ್ತಿತು. ಆದ್ದರಿಂದ ಆ ಭಾಷಣವನ್ನು ಮನೆಯಲ್ಲಿಯೇ ಬಿಟ್ಟು ಬಂದಿದ್ದೇನೆ. ನಮ್ಮ ಮನೆಯ ಹೊಲದ ಕಥೆಯನ್ನೇ ಹೇಳುತ್ತೇನೆ. ಅದರಲ್ಲಿಯೂ ಅಂದು ಇದೆ, ಇಂದೂ ಇದೆ.

ನಾನು ಬ್ಯಾಡಗಿ ಸೀಮೆಯವಳು. ಬ್ಯಾಡಗಿ ಎಂದ ಕೂಡಲೇ ನಿಮಗೆ ಮೆಣಸಿನಕಾಯಿ ನೆನಪಾಗಬೇಕು, ಆಗದಿದ್ದರೆ ನಿಮ್ಮ ಅಡುಗೆಮನೆಯ ಬಗ್ಗೆ ನನಗೆ ಅನುಮಾನ. ಕೆಂಪು ಬಣ್ಣ, ಮೈಯೆಲ್ಲ ಸುಕ್ಕು, ಖಾರ ಕಡಿಮೆ. ನಮ್ಮಪ್ಪನಿಗೆ ಐದು ಎಕರೆ ಎರೆಭೂಮಿ ಇತ್ತು. ಮಳೆಯ ಮೇಲೆ ಬೆಳೆ. ಸಂಕ್ರಾಂತಿ ದಾಟಿದ ಮೇಲೆ ಕಣದ ತುಂಬ ಮೆಣಸಿನಕಾಯಿ ಹರವುತ್ತಿದ್ದೆವು. ನಾನು ಮತ್ತು ನನಗಿಂತ ಒಂದು ವರ್ಷಕ್ಕೆ ಚಿಕ್ಕವಳಾದ ನನ್ನ ತಂಗಿ ಚೆನ್ನಮ್ಮ, ಇಬ್ಬರೂ ಸೀನುತ್ತ ಸೀನುತ್ತ ಕಾಯಿ ಹೊರಳಿಸಿ ಹಾಕುತ್ತಿದ್ದೆವು. ಒಬ್ಬಳು ಸೀನಿದರೆ ಇನ್ನೊಬ್ಬಳು ಸೀನಲೇಬೇಕು. ಹಾಗಿತ್ತು ನಮ್ಮ ಜೋಡಿ.

ನಮ್ಮ ಮನೆಯಲ್ಲಿ ವರ್ಷಕ್ಕೊಂದು ಪ್ರಶ್ನೆ ಇತ್ತು. ಅಪ್ಪ ಪೇಟೆಯಿಂದ ಬಂಡಿ ಹೊಡೆದುಕೊಂಡು ಬರುತ್ತಿದ್ದಂತೆ ಅಜ್ಜಿ, ಅವ್ವ, ನೆರೆಮನೆಯವರು, ಎಲ್ಲರೂ ಅದೊಂದನ್ನೇ ಕೇಳುತ್ತಿದ್ದರು: ‘ಧಾರಣಿ ಎಷ್ಟಾತು?’ ಬೆಳೆ ಹೇಗೆ ಬಂತು ಎಂದು ಯಾರೂ ಕೇಳುತ್ತಿರಲಿಲ್ಲ. ಅದು ಕಣ್ಣಿಗೆ ಕಾಣುತ್ತಿತ್ತಲ್ಲ. ಕಾಣದೆ ಇದ್ದದ್ದು ಧಾರಣೆ, ಪೇಟೆಯ ಬೆಲೆ. ಆ ಒಂದು ಮಾತಿನ ಮೇಲೆ ಮನೆಗೆ ಹಂಚು ಹೊದಿಸುವುದು, ಎತ್ತು ತರುವುದು, ಅಜ್ಜಿಯ ಕಣ್ಣಿನ ಆಪರೇಷನ್, ಎಲ್ಲವೂ ನಿಂತಿರುತ್ತಿತ್ತು.

ಅರವತ್ತಾರನೇ ಇಸವಿಯಲ್ಲಿ ನಾನು ಎಸ್ಸೆಸ್ಸೆಲ್ಸಿ ಮುಗಿಸಿದೆ. ಆ ವರ್ಷ ಧಾರಣೆ ಏರಿತು. ಯಾಕೆ ಏರಿತು? ಅಪ್ಪನಿಗೂ ಗೊತ್ತಿಲ್ಲ, ಇಷ್ಟು ವರ್ಷ ಬ್ಯಾಂಕಿನಲ್ಲಿದ್ದು ನನಗೂ ಇಂದಿಗೂ ಸರಿಯಾಗಿ ಗೊತ್ತಿಲ್ಲ. ಬೇರೆಲ್ಲೋ ಬೆಳೆ ಹೋಗಿರಬೇಕು. ಅಪ್ಪ ಬಂಡಿಯಿಂದ ಇಳಿದವರೇ ಅವ್ವನಿಗೆ ಹೇಳಿದರು, ‘ಗಿರಿಜಾ ಧಾರವಾಡಕ್ಕ ಹೋಗ್ಲಿ. ಕಾಲೇಜು ಓದ್ಲಿ.’

ಚೆನ್ನಮ್ಮ ಬಾಗಿಲಲ್ಲಿ ನಿಂತಿದ್ದಳು. ‘ಮತ್ತ ನಾನು?’ ಎಂದಳು.

‘ಮುಂದಿನ ವರ್ಷ ನೀನು. ಮೊದಲು ನೀ ಪಾಸಾಗು’ ಎಂದು ಅಪ್ಪ ನಕ್ಕರು.

ಅವಳು ಪಾಸಾದಳು. ಗಣಿತದಲ್ಲಿ ನನಗಿಂತ ಹೆಚ್ಚು ಅಂಕ ತೆಗೆದಳು. ನಾನು ಬೇಸಿಗೆ ರಜೆಗೆ ಊರಿಗೆ ಬಂದಾಗ ಅವಳು ಕೇಳಿದ್ದು ಹಾಸ್ಟೆಲಿಗೆ ಏನೇನು ತರಬೇಕು ಎಂದು. ನಾನು ಹೇಳಿದೆ, ಅವಳು ಎಲ್ಲವನ್ನೂ ಒಟ್ಟು ಮಾಡಿದಳು. ಒಂದು ಚಾಪೆ, ಹಿತ್ತಾಳೆಯ ತಂಬಿಗೆ, ಕೊಬ್ಬರಿ ಎಣ್ಣೆಯ ಡಬ್ಬಿ.

ಆ ವರ್ಷ ಅಪ್ಪ ಕೊನೆಯ ಚೀಲಗಳನ್ನು ಮಾರಲು ಹೋದಾಗ ನಾನೂ ಬಂಡಿಯಲ್ಲಿ ಹೋದೆ. ಧಾರವಾಡದಲ್ಲಿ ಒಂದು ವರ್ಷ ಓದಿದವಳು, ಈಗ ಅಪ್ಪನ ವ್ಯಾಪಾರ ನೋಡಬೇಕೆಂಬ ಹುಮ್ಮಸ್ಸು. ಪೇಟೆಯ ಹೆಸರು ಬೇಡ, ಆಗ ಎಷ್ಟೋ ಕಡೆ ಹಾಗೆಯೇ ಇತ್ತು. ಚೀಲದ ಬಾಯಿ ಬಿಚ್ಚಿಟ್ಟು ಅಪ್ಪ ನಿಂತರು. ಖರೀದಿದಾರರು ಬಂದು ಒಂದು ಹಿಡಿ ತೆಗೆದು, ಮೂಸಿ, ಮುರಿದು, ಬೀಜ ಅಲ್ಲಾಡಿಸಿ ನೋಡಿದರು. ಆಮೇಲೆ ನಮ್ಮ ದಲಾಲರು ತಮ್ಮ ಹೆಗಲ ಮೇಲಿನ ಟವೆಲನ್ನು ಕೈಯ ಮೇಲೆ ಹೊದ್ದುಕೊಂಡರು. ಖರೀದಿದಾರರು ಅದರೊಳಗೆ ಕೈ ತೂರಿಸಿದರು. ಟವೆಲಿನ ಕೆಳಗೆ ಬೆರಳು ಬೆರಳು ಹಿಡಿದು ವ್ಯಾಪಾರ ನಡೆಯಿತು. ಇವರು ಒಂದು ಬೆರಳು ಒತ್ತುವುದು, ಅವರು ತಲೆ ಅಲ್ಲಾಡಿಸುವುದು. ಬಾಯಿಂದ ಒಂದು ಮಾತಿಲ್ಲ. ಬೆಳೆದವನು ಎದುರಿಗೇ ನಿಂತಿದ್ದಾನೆ. ಅವನಿಗೆ ಕಾಣುವುದು ಟವೆಲ್ ಮಾತ್ರ.

ಕೈ ಹೊರಗೆ ಬಂದ ಮೇಲೆ ದಲಾಲರು ಧಾರಣೆ ಹೇಳಿದರು. ಹಿಂದಿನ ವರ್ಷದ ಅರ್ಧಕ್ಕಿಂತ ತುಸು ಕಡಿಮೆ. ಅಪ್ಪ, ‘ಏನಂದ್ರಿ?’ ಎಂದರು. ದಲಾಲರು ಮತ್ತೊಮ್ಮೆ ಹೇಳಿದರು. ಒಳ್ಳೆಯ ಮನುಷ್ಯರೇ ಅವರು, ನನಗೆ ಚಹಾ ತರಿಸಿ ಕೊಟ್ಟರು. ಅಪ್ಪ ಕೇಳಿಸದೆ ‘ಏನಂದ್ರಿ’ ಎಂದದ್ದಲ್ಲ ಎಂದು ನನಗೆ ಗೊತ್ತಾಯಿತು.

ಮನೆಗೆ ಬಂದಾಗ ಎಲ್ಲರೂ ಕೇಳಿದರು, ಧಾರಣಿ ಎಷ್ಟಾತು? ಅಪ್ಪ ಹೇಳಿದರು. ಚೆನ್ನಮ್ಮ ಅಲ್ಲಿಯೇ ಇದ್ದಳು. ಎತ್ತುಗಳಿಗೆ ನೀರು ತರಲು ಹೋದಳು. ರಾತ್ರಿ ಊಟಕ್ಕೆ ಕುಳಿತಾಗ ಅವಳೇ ಅಂದಳು, ‘ಇರ್ಲಿ ಅಪ್ಪಾ. ಮುಂದಿನ ವರ್ಷ ಹೋಗ್ತೀನಿ.’

ಸಭಿಕರೇ, ಒಂದು ವರ್ಷ ಕಾಯುವುದು ದೊಡ್ಡ ಮಾತೇ? ನಾವು ಬ್ಯಾಂಕಿನವರು ಒಂದು ಬಡ್ತಿಗಾಗಿ ಹತ್ತು ವರ್ಷ ಕಾದಿದ್ದೇವೆ. ಆದರೆ ಹಳ್ಳಿಯಲ್ಲಿ ಹದಿನೇಳರ ಹುಡುಗಿ ಮನೆಯಲ್ಲಿ ಸುಮ್ಮನೆ ಕಾಯುತ್ತ ಕೂಡಲು ಆಗುವುದಿಲ್ಲ. ಕಾರ್ತಿಕದಲ್ಲಿ ಒಂದು ಸಂಬಂಧ ಬಂತು. ಒಳ್ಳೆಯ ಮನೆ, ಕೊಡುವುದು ಬಿಡುವುದು ಏನೂ ಬೇಡ ಎಂದವರು. ಅಜ್ಜಿ ಪಟ್ಟು ಹಿಡಿದಳು. ತಾಂಬೂಲ ಬದಲಾಯಿತು. ಅರವತ್ತೆಂಟರಲ್ಲಿ ಧಾರಣೆ ಮತ್ತೆ ಏರಿತು, ನನ್ನ ವರ್ಷಕ್ಕಿಂತಲೂ ಮೇಲೆ ಹೋಯಿತು. ಆ ಹಣದಲ್ಲಿ ಅಪ್ಪ ಚೆನ್ನಮ್ಮನ ಮದುವೆ ಮಾಡಿದರು. ನಾಲ್ಕೂರಿನವರು ಹೊಗಳುವಂತಹ ಮದುವೆ. ನಾನು ಪರೀಕ್ಷೆ ಮುಗಿಸಿ ಓಡಿಬಂದು, ಅವಳ ತಲೆಗೆ ಹೂವಿನ ದಂಡೆ ಕಟ್ಟಿದೆ.

ನಾನು ಪದವಿ ಮುಗಿಸಿ ಬ್ಯಾಂಕು ಸೇರಿದೆ. ಹುಬ್ಬಳ್ಳಿಯಲ್ಲಿ ಇವರ ಕೈ ಹಿಡಿದೆ. ಇವರನ್ನು ವಿಜಯವಾಡಕ್ಕೆ ಹಾಕಿದರು, ನಾನೂ ವರ್ಗ ಮಾಡಿಸಿಕೊಂಡು ಬಂದೆ. ಎರಡು ವರ್ಷಕ್ಕೆಂದು ಬಂದವರು ಇಪ್ಪತ್ತೈದು ವರ್ಷ ಉಳಿದೆವು. ನಮ್ಮ ಮಗಳು ಅನು ತೆಲುಗಿನಲ್ಲಿಯೇ ನಗುತ್ತಾಳೆ, ತೆಲುಗಿನಲ್ಲಿಯೇ ಅಳುತ್ತಾಳೆ. ಊಟ ಬೇಕಾದಾಗ ಮಾತ್ರ ಕನ್ನಡ. ಚೆನ್ನಮ್ಮ ಗಂಡನ ಹೊಲದಲ್ಲಿ ಮೆಣಸಿನಕಾಯಿಯನ್ನೇ ಬೆಳೆದಳು. ಹೀಗೆ ಒಬ್ಬಳು ಸಂಬಳದ ದಾರಿ ಹಿಡಿದಳು, ಒಬ್ಬಳು ಧಾರಣೆಯ ದಾರಿ.

ಆದರ್ಶ್ ಅವರೇ, ನಿಮ್ಮ ವಿಷಯಕ್ಕೆ ಬಂದೆ, ಗಾಬರಿಯಾಗಬೇಡಿ. ನಮ್ಮಪ್ಪನಿಗೆ ರೂಪಾಯಿಯಲ್ಲಿ ಲೆಕ್ಕ ಹಾಕುವ ಅಭ್ಯಾಸ ಇರಲಿಲ್ಲ. ಅವರ ಲೆಕ್ಕವೆಲ್ಲ ಚೀಲದಲ್ಲಿ. ನಮ್ಮೂರ ಶಾಲೆಯ ಮಾಸ್ತರರ ಒಂದು ತಿಂಗಳ ಪಗಾರ ಎಷ್ಟು ಎಂದರೆ ‘ಒಂದು ಚೀಲಕ್ಕ ಒಂದಿಷ್ಟು ಕಡಿಮಿ’ ಎನ್ನುತ್ತಿದ್ದರು. ಒಳ್ಳೆಯ ವರ್ಷದಲ್ಲಿ ಒಂದು ಚೀಲ ಮಾರಿದರೆ ಮಾಸ್ತರರು ತಿಂಗಳೆಲ್ಲ ಪಾಠ ಹೇಳಿದಷ್ಟು ದುಡ್ಡು ಬರುತ್ತಿತ್ತು. ಇಂದು ಅದೇ ಶಾಲೆಯ ಮಾಸ್ತರರ ಪಗಾರಕ್ಕೆ ನಮ್ಮ ಚೆನ್ನಮ್ಮ ನಾಲ್ಕೈದು ಚೀಲ ಮಾರಬೇಕು. ಮಾಸ್ತರರ ಪಗಾರ ಹೆಚ್ಚಾಯಿತೆಂದು ನನಗೆ ಹೊಟ್ಟೆಕಿಚ್ಚಿಲ್ಲ, ನನ್ನ ಪಗಾರವೂ ಹೆಚ್ಚಾಗಿದೆ. ಮೆಣಸಿನಕಾಯಿಯ ಬೆಲೆಯೂ ಏರಿದೆ, ಇಲ್ಲವೆನ್ನುವುದಿಲ್ಲ. ಅಪ್ಪನ ಕಾಲದಲ್ಲಿ ಕ್ವಿಂಟಲಿಗೆ ನೂರುಗಳಲ್ಲಿ ಇದ್ದದ್ದು ಈಗ ಸಾವಿರಗಳಲ್ಲಿದೆ. ಇಳುವರಿಯೂ ಹೆಚ್ಚು. ಆದರೆ ಕಾಯಿ ಬಿಡಿಸುವ ಕೂಲಿ, ಗೊಬ್ಬರ, ಔಷಧಿ, ಲಾರಿ ಬಾಡಿಗೆ, ಎಲ್ಲವೂ ಅದಕ್ಕಿಂತ ಜೋರಾಗಿ ಓಡಿವೆ. ಬೆಲೆ ನಡೆದುಕೊಂಡು ಬರುತ್ತಿದೆ, ಖರ್ಚು ಬಸ್ಸು ಹತ್ತಿ ಹೋಗಿದೆ.

ಟವೆಲ್ ಹೋಯಿತು. ಅದು ಒಳ್ಳೆಯದಾಯಿತು. ಬೆಲೆ ಬರೆದು ಹಾಕುವ ಟೆಂಡರ್ ಚೀಟಿ ಬಂತು, ತೂಕದ ಯಂತ್ರ ಬಂತು, ಈಗ ಕೈಯಲ್ಲಿ ಮೊಬೈಲ್. ಚೆನ್ನಮ್ಮ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಮೂರು ಪೇಟೆಗಳ ಧಾರಣೆ ಕೇಳಿಕೊಳ್ಳುತ್ತಾಳೆ. ಆದರೆ ಧಾರಣೆ ತಿಳಿದುಕೊಳ್ಳುವುದು ಬೇರೆ, ಧಾರಣೆ ಹೇಳುವುದು ಬೇರೆ. ವಿಜಯವಾಡದ ಹತ್ತಿರದ ಗನ್ನವರಂ ಶಾಖೆಯಲ್ಲಿ ನಾನಿದ್ದಾಗ ಮಾವಿನ ತೋಟದವರು ಬರುತ್ತಿದ್ದರು. ಏಪ್ರಿಲ್ ಬಂತೆಂದರೆ ಕೌಂಟರಿನ ಆಚೆಯಿಂದ, ‘ಮೇಡಂ ಗಾರೂ, ಈ ಸಲ ಧರ ಎಲಾ ಉಂಟುಂದಂಡೀ?’ ಎಂದು ಧಾರಣೆ ಕೇಳುವರು. ಬೆಳೆದವರು ಬ್ಯಾಂಕಿನವಳನ್ನು ಕೇಳುತ್ತಿದ್ದಾರೆ! ನನಗೆ ಥಟ್ಟನೆ ನಮ್ಮ ಮನೆಯ ಬಾಗಿಲು ನೆನಪಾಗುತ್ತಿತ್ತು. ಗೊತ್ತಿಲ್ಲ ಎಂದು ಹೇಳಲು ಮನಸ್ಸಾಗದೆ, ‘ಚೆನ್ನಾಗಿ ಆಗಲಿ ಅಂಡೀ’ ಎನ್ನುತ್ತಿದ್ದೆ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಸಂಗತಿಗೆ ಬರುತ್ತೇನೆ. ಇದು ನಡೆದದ್ದು ಹೋದ ವರ್ಷ, ಎರಡು ಸಾವಿರದ ಎಂಟರ ಯುಗಾದಿಗೆ. ನಾವಿನ್ನೂ ವಿಜಯವಾಡದಲ್ಲಿದ್ದೆವು.

ಚೆನ್ನಮ್ಮನ ಯಜಮಾನರು ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಹೊಲವನ್ನು ಅವಳೇ ನೋಡುತ್ತಾಳೆ. ಪ್ರತಿವರ್ಷ ನಮ್ಮ ಮನೆಗೆ ಒಂದು ಚೀಲ ಮೆಣಸಿನಕಾಯಿ ಕಳಿಸುತ್ತಿದ್ದಳು. ನಾನು ಅದನ್ನು ಅಲ್ಲಿಯ ಕನ್ನಡದವರಿಗೆ ಹಂಚುತ್ತಿದ್ದೆ. ವಿಜಯವಾಡದಲ್ಲಿ ಕನ್ನಡದವರ ದೊಡ್ಡ ಕಷ್ಟ ಏನು ಗೊತ್ತೇ? ಬಿಸಿಲು ಎನ್ನುತ್ತೀರಿ, ಅಲ್ಲ. ಸಾರು! ಪಕ್ಕದಲ್ಲಿಯೇ ಗುಂಟೂರು. ಅಲ್ಲಿಯ ಮೆಣಸಿನಕಾಯಿ ಹಾಕಿದರೆ ಸಾರಿಗೆ ಬಣ್ಣ ಬರುವ ಮೊದಲೇ ಕಣ್ಣಲ್ಲಿ ನೀರು ಬರುತ್ತದೆ. ನಮ್ಮ ಕಾಯಿಗಾಗಿ ಜನ ಕಾಯುತ್ತಿದ್ದರು. ಅಲ್ಲಿಯ ಸಂಘದ ಕಾರ್ಯದರ್ಶಿ ಉಮಾಪತಿ, ದಾವಣಗೆರೆಯವರು, ‘ಪುಕ್ಕಟೆ ಎಷ್ಟು ದಿನ ಇಸ್ಕೊಳ್ಳೋದ್ರಿ ಮೇಡಂ? ಯುಗಾದಿ ಕಾರ್ಯಕ್ರಮಕ್ಕೆ ನಿಮ್ಮ ತಂಗಿಯವರನ್ನ ಕರೆಸಿ. ಹಾಲ್ ಬಾಗಿಲಲ್ಲಿ ಒಂದು ಮೇಜು ಹಾಕಿಸ್ತೀನಿ. ಅವರೇ ಮಾರಲಿ’ ಎಂದರು.

ಆ ವಾರ ಊರ ಪೇಟೆಯಲ್ಲಿ ಮಾಲಿನ ಆವಕ ಹೆಚ್ಚಾಗಿ ಧಾರಣೆ ಬಿದ್ದಿತ್ತು. ಚೆನ್ನಮ್ಮ ಪರಿಚಯದ ಲಾರಿಯೊಂದರಲ್ಲಿ ಆರು ಚೀಲ ಹಾಕಿಸಿ, ತಾನು ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಬಂದಳು. ಗುಂಟೂರಿನ ಸೀಮೆಗೆ ಮೆಣಸಿನಕಾಯಿ ಮಾರಲು ತಂದ ಧೈರ್ಯವಂತೆಯನ್ನು ನೋಡಲು ನಮ್ಮ ನೆರೆಮನೆಯ ಕನಕದುರ್ಗ ಗಾರು ಓಡಿಬಂದರು. ಒಂದು ಕಾಯಿ ಮುರಿದು ನಾಲಿಗೆಗೆ ಇಟ್ಟುಕೊಂಡು, ‘ಇದೇಂ ಮಿರಪಕಾಯಂಡೀ, ಕಾರಮೇ ಲೇದು!’ ಎಂದು ಬಿದ್ದು ಬಿದ್ದು ನಕ್ಕರು. ಖಾರವೇ ಇಲ್ಲವಂತೆ. ಚೆನ್ನಮ್ಮನಿಗೆ ತೆಲುಗು ಬಾರದಿದ್ದರೂ ಅಷ್ಟು ಅರ್ಥವಾಯಿತು. ‘ಬಣ್ಣಾ ನೋಡ್ರಿ ಅಂತ ಹೇಳು ಅಕ್ಕಾ’ ಎಂದಳು. ಮರುದಿನ ಕನಕದುರ್ಗ ಗಾರು ಅದರಲ್ಲಿ ಕೋಡಿ ಕೂರ, ಅಂದರೆ ಕೋಳಿಸಾರು ಮಾಡಿ, ಬಣ್ಣ ನೋಡಿ, ತಾವೇ ಮೂರು ಕಿಲೋ ಹೇಳಿಹೋದರು.

ಯುಗಾದಿಯ ಸಂಜೆ. ಹಾಲಿನ ಬಾಗಿಲಲ್ಲಿ ಮೇಜು, ಒಂದು ತಕ್ಕಡಿ, ಬಾಯಿ ಬಿಚ್ಚಿದ ಚೀಲ. ಚೆನ್ನಮ್ಮ ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಕುಳಿತಿದ್ದಳು. ಮೊದಲು ಬಂದದ್ದು ಅಕ್ಷಯಾ ಎಂಬ ಹುಡುಗಿ. ಮೈಸೂರಿನವಳು, ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಕಾಯಿಯನ್ನು ಕೈಗೆ ತೆಗೆದುಕೊಂಡು, ‘ಆಂಟಿ, ಕೆಜಿ ಎಷ್ಟು?’ ಎಂದು ಕೇಳಿದಳು.

ಚೆನ್ನಮ್ಮ ಹಿಂದಕ್ಕೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ, ಗೋಡೆ ಇತ್ತು. ಮತ್ತೆ ಆ ಹುಡುಗಿಯನ್ನು ನೋಡಿದಳು. ಎದ್ದು ಒಳಗೆ ನನ್ನ ಹತ್ತಿರ ಬಂದಳು.

‘ಅಕ್ಕಾ, ಆ ಹುಡುಗಿ ಎಷ್ಟು ಅಂತ ಕೇಳಾಕತ್ತಾಳ.’

‘ಹೇಳು ಮತ್ತ.’

‘ಏನ್ ಹೇಳ್ಲಿ?’

‘ನಿನಗ ಎಷ್ಟು ಬೇಕೋ ಅಷ್ಟು ಹೇಳು.’

ಅವಳು ನನ್ನ ಮುಖವನ್ನೇ ನೋಡಿದಳು. ‘ನನಗೆಷ್ಟು ಬೇಕು ಅಂತ ಇಲ್ಲೀತನ ಯಾರೂ ಕೇಳಿಲ್ಲಲ್ಲಕ್ಕಾ’ ಎಂದಳು.

ಬೇಸರದಿಂದ ಹೇಳಿದ ಮಾತಲ್ಲ ಅದು. ನಿಜವಾಗಿಯೂ ಅವಳಿಗೆ ತಿಳಿಯಲಿಲ್ಲ. ಗಂಡನೊಂದಿಗೆ, ಗಂಡ ಹೋದ ಮೇಲೆ ಒಬ್ಬಳೇ, ನಲವತ್ತು ವರ್ಷ ಬೆಳೆದು ಮಾರಿದವಳು. ಪ್ರತಿವರ್ಷವೂ ಬೆಲೆಯನ್ನು ಇನ್ನೊಬ್ಬರು ಹೇಳಿದ್ದಾರೆ, ಇವಳು ಕೇಳಿಸಿಕೊಂಡಿದ್ದಾಳೆ. ನಾನು ಹೇಳಬಹುದಾಗಿತ್ತು. ಊರಲ್ಲಿ ಎಷ್ಟಿದೆ, ವಿಜಯವಾಡದ ಅಂಗಡಿಯಲ್ಲಿ ಎಷ್ಟಿದೆ, ಎರಡೂ ನನಗೆ ಗೊತ್ತಿತ್ತು. ಆದರೆ ಏಕೋ ಬಾಯಿ ಬರಲಿಲ್ಲ. ‘ಹೋಗು, ಆ ಹುಡುಗಿ ಕಾಯಾಕತ್ತಾಳ’ ಎಂದೆ.

ಅವಳು ಹೋಗಿ ಕುಳಿತಳು. ಸೆರಗು ಸರಿ ಮಾಡಿಕೊಂಡಳು. ‘ನೂರಾ ಹತ್ತು’ ಎಂದಳು. ಊರ ಪೇಟೆಯಲ್ಲಿ ಆ ದಿನ ಅವಳಿಗೆ ಅರವತ್ತೂ ಸಿಗುತ್ತಿರಲಿಲ್ಲ.

ಅಕ್ಷಯಾ, ‘ಸರಿ ಆಂಟಿ, ಎರಡು ಕೆಜಿ ಕೊಡಿ’ ಎಂದಳು. ಚೌಕಾಸಿಯೇ ಮಾಡಲಿಲ್ಲ. ಅವಳು ಚೀಲ ಹಿಡಿದು ಹೋದ ಮೇಲೆ ಚೆನ್ನಮ್ಮ ಮತ್ತೆ ನನ್ನ ಹತ್ತಿರ ಓಡಿಬಂದಳು, ಈ ಸಲ ಗಾಬರಿಯಿಂದ. ‘ಅಕ್ಕಾ, ಕಡಿಮಿ ಹೇಳಿದ್ನೇನ? ಸುಮ್ನ ಒಪ್ಕೊಂಡ್ಲಲ್ಲ!’

ಎರಡನೆಯವರು ಒಬ್ಬ ಬ್ಯಾಂಕಿನ ಅಧಿಕಾರಿಯ ಹೆಂಡತಿ. ಅವರು ‘ತೊಂಬತ್ತಕ್ಕೆ ಕೊಡ್ರಿ’ ಎಂದು ಚೌಕಾಸಿ ಶುರುಮಾಡಿದರು. ಚೆನ್ನಮ್ಮನಿಗೆ ಆಗ ಸಮಾಧಾನವಾಯಿತು. ‘ಆಗೂದಿಲ್ರೀ’ ಎಂದಳು. ಆ ಮಾತು ಹೇಳುವಾಗ ಅವಳ ಮುಖ ನೀವು ನೋಡಬೇಕಾಗಿತ್ತು. ಹೊಸ ತಿಂಡಿಯ ರುಚಿ ನೋಡಿದ ಹಾಗೆ. ಆ ಅಮ್ಮ ನೂರಕ್ಕೆ ಬಂದರು, ಇವಳು, ‘ಆಗೂದಿಲ್ರೀ, ನೀವು ಬಣ್ಣಾ ನೋಡ್ರಿ’ ಎಂದಳು. ಅವರು ಹೊರಟು ನಿಂತರು. ಚೆನ್ನಮ್ಮ ಅಲ್ಲಾಡಲಿಲ್ಲ. ಅವರು ಬಾಗಿಲವರೆಗೆ ಹೋಗಿ ತಿರುಗಿ ಬಂದು ನೂರಾ ಹತ್ತಕ್ಕೇ ಒಂದು ಕಿಲೋ ಕೊಂಡರು. ಆಮೇಲೆ ಬಂದ ಒಬ್ಬ ವಯಸ್ಸಾದ ಅಜ್ಜಿಗೆ ಇವಳೇ ತಾನಾಗಿ ಎಂಬತ್ತಕ್ಕೆ ಕೊಟ್ಟಳು. ‘ಯಾಕ?’ ಎಂದು ನಾನು ಕೇಳಿದೆ. ‘ನನ್ನ ಕಾಯಿ, ನನ್ನ ಮನಸು’ ಎಂದಳು.

ವೇದಿಕೆಯ ಮೇಲೆ ಪಂಚಾಂಗ ಶ್ರವಣ ನಡೆದಿತ್ತು. ಆ ವರ್ಷ ಯಾರಿಗೆ ಆದಾಯ ಎಷ್ಟು, ವ್ಯಯ ಎಷ್ಟು ಎಂದು ಓದುತ್ತಿದ್ದರು. ನನ್ನ ಕಿವಿ ಅಲ್ಲಿರಲಿಲ್ಲ. ಊಟದ ಹೊತ್ತಿಗೆ ನಾಲ್ಕು ಚೀಲ ಹೋಗಿದ್ದವು, ಉಳಿದ ಎರಡು ಮರುದಿನ ಮನೆಯಿಂದಲೇ ಹೋದವು.

ಇದರಿಂದ ರೈತರ ಕಷ್ಟ ಬಗೆಹರಿಯಿತು ಎಂದು ನಾನು ಹೇಳುತ್ತಿಲ್ಲ. ಆರು ಚೀಲ ವಿಜಯವಾಡಕ್ಕೆ ಬಂತು, ಮಿಕ್ಕ ಹತ್ತಾರು ಚೀಲ ಊರ ಪೇಟೆಯಲ್ಲಿಯೇ, ಪೇಟೆ ಹೇಳಿದ ಬೆಲೆಗೇ ಹೋಯಿತು. ಎಲ್ಲ ರೈತರೂ ರೈಲು ಹತ್ತಿ ಅಕ್ಕನ ಮನೆಗೆ ಬರಲಾಗುವುದಿಲ್ಲ. ಅಷ್ಟು ಜನ ಅಕ್ಕಂದಿರೂ ಇಲ್ಲ. ನಡೆದದ್ದನ್ನು ಹೇಳಿದೆ, ಅಷ್ಟೇ.

ಆದರೆ ಆ ರಾತ್ರಿ ನನ್ನ ತಲೆಯಲ್ಲಿ ಬೇರೆಯೇ ಒಂದು ಯೋಚನೆ ಹೊಕ್ಕಿತು. ಚೆನ್ನಮ್ಮನ ಕೈಯಲ್ಲಿ, ಅವಳೇ ಬೆಲೆ ಕಟ್ಟಿ ಮಾರಿದ ದುಡ್ಡು. ಇಷ್ಟು ವರ್ಷದ ಮೇಲೆ ಅವಳ ವರ್ಷ ಬಂದಿದೆ ಎಂದು ನನಗೆ ತೋಚಿತು. ಈಗ ಮನೆಯಲ್ಲಿಯೇ ಕುಳಿತು ಪದವಿ ಓದಬಹುದು, ವಯಸ್ಸಿನ ಅಡ್ಡಿಯಿಲ್ಲ, ಅಂಚೆಯಲ್ಲಿ ಪುಸ್ತಕಗಳು ಬರುತ್ತವೆ. ಬೆಳಿಗ್ಗೆ ಕಾಫಿ ಕೊಡುತ್ತ ನಾನು ಅವಳಿಗೆ ಇದನ್ನೆಲ್ಲ ಬಹಳ ಉತ್ಸಾಹದಿಂದ ವಿವರಿಸಿದೆ.

ಅವಳು ಪೂರ್ತಿ ಕೇಳಿ, ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು. ‘ಈಗ್ಯಾಕ? ಆ ಚೆನ್ನವ್ವಗ ಬೇಕಾಗಿತ್ತು ಕಾಲೇಜು. ಈ ಚೆನ್ನವ್ವಗ ಮೊಣಕಾಲು ನೋವು.’

‘ಹಂಗಾರ ಈ ದುಡ್ಡಿನಾಗ ಏನ್ ಮಾಡ್ತೀ?’

‘ಸಮುದ್ರ ನೋಡ್ತೀನಿ. ಅನು ಹೇಳ್ತಿದ್ಲಲ್ಲ, ವೈಜಾಗಿನಾಗ ಐತಿ ಅಂತ. ನೀನೂ ಬಾ. ನಿನ್ನ ಟಿಕೀಟೂ ನಂದಽ.’

ನನ್ನ ಮಗಳು ಅನು, ‘ಪಿನ್ನಿ, ನಾನೂ ವಸ್ತಾನು’ ಎಂದು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ, ತಾನೂ ಬರುವುದಾಗಿ ಚಿಕ್ಕಮ್ಮನಿಗೆ ಗಂಟು ಬಿದ್ದಳು. ‘ಬ್ಯಾಡ. ನಾವಿಬ್ಬರಽ ಹೋಗಿ ಬರ್ತೀವಿ’ ಎಂದಳು ಚೆನ್ನಮ್ಮ.

ಹೀಗೆ ನಾನು ಈ ನಿಮ್ಮ ಊರಿಗೆ, ಆಗಿನ್ನೂ ವರ್ಗವಾಗಿ ಬರುವ ಮೊದಲು, ತಂಗಿ ತೆಗೆಸಿದ ಟಿಕೆಟಿನಲ್ಲಿ ರತ್ನಾಚಲ್ ರೈಲು ಹತ್ತಿ ಬಂದೆ. ಋಷಿಕೊಂಡಕ್ಕೆ ಬಸ್ಸಿನಲ್ಲಿ ಹೋದೆವು. ಬಿಸಿಲು ಇಳಿದಿತ್ತು. ಚೆನ್ನಮ್ಮ ನೀರಿನ ಹತ್ತಿರ ಹೋಗಿ, ಅಲೆ ಬಂದಾಗ ಹಿಂದೆ ಓಡಿ, ಮತ್ತೆ ಹೋಗಿ, ಸೀರೆಯನ್ನು ಮೊಣಕಾಲಿನವರೆಗೆ ತೋಯಿಸಿಕೊಂಡಳು. ಆಮೇಲೆ ಬಂದು ಮರಳಿನಲ್ಲಿ ನನ್ನ ಪಕ್ಕ ಕಾಲು ಚಾಚಿ ಕುಳಿತಳು.

ಸಭಿಕರೇ, ನಾವು ಅಕ್ಕತಂಗಿಯರು ವಾರಕ್ಕೊಮ್ಮೆಯಾದರೂ ಮಾತಾಡುವವರು. ಮಕ್ಕಳು, ಮದುವೆ, ಮಳೆ, ಮಂಡಿನೋವು, ಎಲ್ಲ ಮಾತಾಡಿದ್ದೇವೆ. ಅರವತ್ತೇಳನೇ ಇಸವಿಯ ಬಗ್ಗೆ ಮಾತ್ರ ಒಂದು ದಿನವೂ ಮಾತಾಡಿರಲಿಲ್ಲ. ನಾನೇ ಬಾಯಿ ತೆರೆದೆ. ‘ಚೆನ್ನವ್ವ, ಆ ವರ್ಷ ನಿನಗ ಸಿಟ್ಟು ಬಂದಿತ್ತೇನ?’

ಯಾವ ವರ್ಷ ಎಂದು ಅವಳು ಕೇಳಲಿಲ್ಲ. ‘ಬಂದಿತ್ತು’ ಎಂದಳು.

‘ನನ್ನ ಮ್ಯಾಲ?’

‘ನಿನ್ನ ಮ್ಯಾಲ ಯಾಕ ಬರ್ತೈತಿ? ನೀ ಏನ್ ಮಾಡಿದ್ದಿ?’ ತೊಯ್ದ ಸೀರೆಯ ಅಂಚು ಹಿಂಡುತ್ತ ಮತ್ತೆ ಅಂದಳು. ‘ಅಪ್ಪನ ಮ್ಯಾಲೂ ಬರಲಿಲ್ಲ. ಆ ದಿನ ಅಂವ ಉಂಡಿರಲಿಲ್ಲ. ದಲಾಲರ ಮ್ಯಾಲ ಮಾಡ್ಕೊಳ್ಳಾಣು ಅಂದ್ರ, ಅವರ ಕೈಯಾಗೂ ಏನೂ ಇರಲಿಲ್ಲ ಅಂತಿದ್ದ ಅಪ್ಪ. ಸಿಟ್ಟು ಬಂದಿತ್ತಕ್ಕಾ, ಯಾರ ಮ್ಯಾಲ ಮಾಡ್ಕೋಬೇಕು ಅನ್ನೂದು ತಿಳೀಲಿಲ್ಲ. ಧಾರಣಿಗೆ ಮುಖಾ ಇರೂದಿಲ್ಲ ನೋಡು. ಅದಽ ಭಾಳ ಕಷ್ಟ ಆತು.’

ಬ್ಯಾಂಕಿನಲ್ಲಿ ಎಷ್ಟೋ ಜನ ಬೆಳೆಗಾರರು ನನ್ನ ಎದುರಿನ ಕುರ್ಚಿಯಲ್ಲಿ ಕುಳಿತು ಸುಮ್ಮನೆ ಮೇಜು ನೋಡುತ್ತಿದ್ದರು. ಮಾತು ಬಾರದ ಜನ ಎಂದುಕೊಳ್ಳುತ್ತಿದ್ದೆ. ಅವರೂ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಯೋಚಿಸುತ್ತಿದ್ದರೋ ಏನೋ.

ಒಂದು ಕಡಲೆಕಾಯಿಯವನು ಬಂದ. ಚೆನ್ನಮ್ಮ ಎರಡು ಪೊಟ್ಟಣ ಕೊಂಡಳು. ಅವನು ಹೇಳಿದಷ್ಟೇ ಕೊಟ್ಟಳು, ಚೌಕಾಸಿ ಮಾಡಲಿಲ್ಲ. ಒಂದು ಪೊಟ್ಟಣ ನನಗೆ ಕೊಟ್ಟು, ಸಮುದ್ರದ ಕಡೆಗೇ ನೋಡುತ್ತ ಕೇಳಿದಳು:

‘ಹೆಂಗಿತ್ತಕ್ಕಾ ಕಾಲೇಜು? ನೀ ಯಾವತ್ತೂ ನನ್ನ ಮುಂದ ಹೇಳಽ ಇಲ್ಲ.’

ನಿಜ. ನಾನು ಹೇಳಿರಲಿಲ್ಲ. ಮಕ್ಕಳಿಗೆ ಹೇಳಿದ್ದೆ, ಇವರಿಗೆ ಹೇಳಿದ್ದೆ, ಬ್ಯಾಂಕಿನ ಹುಡುಗಿಯರಿಗೆ ಬೇಸರವಾಗುವಷ್ಟು ಹೇಳಿದ್ದೆ. ಅವಳ ಮುಂದೆ ಮಾತ್ರ ಧಾರವಾಡ ಎಂಬ ಹೆಸರನ್ನೂ ಎತ್ತುತ್ತಿರಲಿಲ್ಲ. ಅವಳಿಗೆ ನೋವಾಗುತ್ತದೆ ಎಂದುಕೊಂಡಿದ್ದೆ. ಅವಳು ಇಷ್ಟು ವರ್ಷ ಕೇಳಬೇಕೆಂದು ಕಾಯುತ್ತಿದ್ದಳು.

ಹೇಳಿದೆ. ಮೊದಲ ದಿನ ದಾರಿ ತಪ್ಪಿ ಹುಡುಗರ ಹಾಸ್ಟೆಲಿಗೆ ಹೋದದ್ದರಿಂದ ಶುರು ಮಾಡಿದೆ. ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಸೀರೆಯ ಸೆರಗು ಸುಟ್ಟುಕೊಂಡದ್ದು, ಗ್ರಂಥಾಲಯದ ಕಿಟಕಿ, ನಮ್ಮ ಕೋಣೆಯ ಹುಡುಗಿಯರ ಜಗಳ, ಮಳೆಗಾಲದಲ್ಲಿ ಒಣಗದ ಬಟ್ಟೆಗಳು, ಇಂಗ್ಲಿಷ್ ಪ್ರೊಫೆಸರರ ಕೆಮ್ಮು. ಅವಳು ನಡುನಡುವೆ ನಿಲ್ಲಿಸಿ ಕೇಳುತ್ತಿದ್ದಳು. ಕಿಟಕಿಯಿಂದ ಏನು ಕಾಣುತ್ತಿತ್ತು? ಲ್ಯಾಬಿನಲ್ಲಿ ವಾಸನೆ ಹೇಗಿರುತ್ತಿತ್ತು? ಸೆರಗು ಸುಟ್ಟ ಸೀರೆ ಯಾವುದು, ಆ ಹಸಿರು ಅಂಚಿನದೇ? ನಾನು ಮರೆತಿದ್ದ ಸಂಗತಿಗಳನ್ನೂ ಅವಳು ಕೇಳಿ ಕೇಳಿ ನನ್ನಿಂದ ಹೊರಗೆ ತೆಗೆದಳು. ಕತ್ತಲಾಯಿತು, ಮೀನುಗಾರರು ಬಲೆ ಮಡಚಿಕೊಂಡು ಹೋದರು. ನಾನಿನ್ನೂ ಎರಡನೇ ವರ್ಷದಲ್ಲಿದ್ದೆ.

‘ಮುಂದ?’ ಎಂದಳು ಚೆನ್ನಮ್ಮ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿದೆ. ನನ್ನ ಮಾತಿಗೆ ಇಷ್ಟು ಹೊತ್ತು ಕಿವಿಗೊಟ್ಟ ಸಂಘಕ್ಕೂ, ಜೊತೆಯಲ್ಲಿ ದುಡಿದ ಬ್ಯಾಂಕಿನ ಬಳಗಕ್ಕೂ, ನಿದ್ದೆ ಹೋಗದೆ ಕುಳಿತ ನಮ್ಮ ಯಜಮಾನರಿಗೂ, ನಿಮ್ಮೆಲ್ಲರಿಗೂ ನನ್ನ ಮನಸ್ಸು ತುಂಬಿದ ಕೃತಜ್ಞತೆ. ಈ ಊರು ನನಗೆ ಆ ಒಂದು ಸಂಜೆಯನ್ನು ಕೊಟ್ಟಿದೆ. ಅದಕ್ಕಾಗಿ ಈ ಊರಿಗೂ, ನಿಮಗೂ ಕೈಮುಗಿಯುತ್ತೇನೆ. ನಮಸ್ಕಾರ.